ಇನ್ನೊಂದು ಹಾಳೆ ಕೊಡಿ

೧೨ ನವೆಂಬರ್

ಅಕ್ಕಾ,

ಬಂದು ತಲುಪಿದೆವು. ಮನೆ ಒಂದು ಟೈರ್ ಅಂಗಡಿಯ ಮೇಲಿದೆ. ಕೆಳಗೆ ಸುತ್ತಿಗೆ ಬಿದ್ದಾಗಲೆಲ್ಲ ನಮ್ಮ ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. ಅಪ್ಪನಿಗೆ ಮಾತ್ರ ಏನೂ ಕೇಳಿಸುವುದಿಲ್ಲ. ಇಡೀ ದಿನ ವಿದ್ಯುತ್ ಕಂಬದ ಮೇಲಿದ್ದು ಇಳಿದವನಿಗೆ ನೆಲದ ಸದ್ದು ಯಾವ ಲೆಕ್ಕ! ಅವನನ್ನು ಇಲ್ಲಿಗೆ ವರ್ಗ ಮಾಡಿದ ಸಾಹೇಬರಿಗೆ ನಾನು ದಿನಾ ಶಾಪ ಹಾಕುತ್ತಿದ್ದೇನೆ. ನಿನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ತನಕ ತಡೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೊಸ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಈ ಕಾಗದ ಚುಚ್ಚುತ್ತಾ ಕೂತಿದ್ದೆ. ಪಕ್ಕದವಳು ಕೇಳಿದಳು, "ಇದೇನೇ, ಕಾಗದಕ್ಕೆ ಕಸೂತಿ ಹಾಕ್ತಿದ್ದೀಯಾ?"

"ಬ್ರೈಲ್ ಇದು. ನಮ್ಮಕ್ಕನಿಗೆ ಬರೀತಿದ್ದೀನಿ. ಅವಳಿಗೆ ಕಣ್ಣು ಕಾಣಲ್ಲ, ಬೆರಳಲ್ಲಿ ಓದ್ತಾಳೆ."

"ಸ್ವಂತ ಅಕ್ಕಾನಾ?"

"ಬೀದೀಲಿ ಎದುರು ಮನೆ. ಸ್ವಂತಕ್ಕಿಂತ ಹೆಚ್ಚು. ಪರೀಕ್ಷೇಲಿ ಅವಳು ಹೇಳ್ತಾಳೆ, ನಾನು ಬರೀತೀನಿ."

"ಹಾಗಾದ್ರೆ ಮಾರ್ಕ್ಸು ಯಾರದ್ದು?"

"ನನ್ನ ಮಾರ್ಕ್ಸ್ ಕಾರ್ಡ್ ನೋಡಿದ್ದಿದ್ರೆ ಈ ಪ್ರಶ್ನೆ ಕೇಳ್ತಿರ್ಲಿಲ್ಲ ನೀನು" ಎಂದೆ.

ನಿಜ ತಾನೇ? ಎದುರಿಗೆ ಹಲಗೆಯೂ ಇಲ್ಲದೆ, ಹಾಳೆಯೂ ಇಲ್ಲದೆ, ನೀನು ಬರೀ ತಲೆಯೊಳಗೆ ಸಮೀಕರಣ ಬಿಡಿಸುತ್ತಾ ಹೋಗುವಾಗ ನನ್ನ ಪೆನ್ನು ಹಿಂದಿನಿಂದ ಏದುಸಿರು ಬಿಡುತ್ತಾ ಓಡುತ್ತಿತ್ತು. ಒಂದು ಸಾಲು ತಪ್ಪಿ ಬರೆದರೆ, "ಮೇಲಿನಿಂದ ಮೂರನೇ ಸಾಲು ಓದು" ಎಂದು ನೀನೇ ಹಿಡಿಯುತ್ತಿದ್ದೆ. ಇಲ್ಲಿ ಕಣ್ಣಿರುವ ನಲವತ್ತು ಜನರಲ್ಲಿ ಒಬ್ಬರಿಗೂ ಅದು ಬರುವುದಿಲ್ಲ.

ನನ್ನ ಜಾಗಕ್ಕೆ ಯಾರು ಬಂದರು? ಒಂದು ತರಗತಿ ಕೆಳಗಿನವರೇ ಬರೆಯಬೇಕಲ್ಲ, ನನ್ನ ಹಳೆಯ ಒಂಬತ್ತನೆಯವರಲ್ಲಿ ಯಾರೋ ಇರಬೇಕು. ಯಾರಾದರೂ ಸರಿ, ನನಗಿಂತ ಅಕ್ಷರ ದುಂಡಗಿರಬಾರದು!

ನಿನ್ನ
ಮಾತಿನಮಲ್ಲಿ


೨೯ ನವೆಂಬರ್

ಮಾತಿನಮಲ್ಲಿಗೆ,

ಅಂಚೆಯವರು ನಿನ್ನ ಕಾಗದದ ಮೇಲೆ ಕೂತುಕೊಂಡೇ ಬಂದಿರಬೇಕು, ಅರ್ಧ ಚುಕ್ಕಿ ಚಪ್ಪಟೆಯಾಗಿದ್ದವು. ನೀವು ಟಗರು ಅಂಗಡಿಯ ಮೇಲೆ ಮನೆ ಮಾಡಿದ್ದೀರಿ ಎಂದು ಓದಿ ಅಪ್ಪನಿಗೂ ಹೇಳಿಬಿಟ್ಟೆ. ಅವನು ಕ್ಷೌರಕ್ಕೆ ಬಂದವರಿಗೆಲ್ಲ ಹೇಳಿದ. ಈಗ ಬೀದಿಗೆ ಬೀದಿಯೇ ನಿಮ್ಮನ್ನು ನೆನೆದು ಮೂಗು ಮುಚ್ಚಿಕೊಳ್ಳುತ್ತಿದೆ.

ನಿನ್ನ ಜಾಗಕ್ಕೆ ಬಂದವಳಿಗೆ ಉಸ್ಸಪ್ಪ ಎಂದು ಹೆಸರಿಟ್ಟಿದ್ದೇನೆ. ಪ್ರತಿ ಲೆಕ್ಕಕ್ಕೂ ಮೊದಲು ಒಂದು ನಿಟ್ಟುಸಿರು. ಒಳ್ಳೆಯ ಹುಡುಗಿ, ಆದರೆ ಗಣಿತವೆಂದರೆ ಹಾವು ಕಂಡಂತೆ ಆಡುತ್ತಾಳೆ. ಹಾಳೆಯ ಕೆಳಗೆ ರಬ್ಬರ್ ಹಾಸು ಇಟ್ಟು, ಒತ್ತಿ ಗೀಟು ಎಳೆಯಲು ಹೇಳುತ್ತೇನೆ. ಹಾಳೆಯ ಬೆನ್ನಿಗೆ ಉಬ್ಬಿದ್ದನ್ನು ಬೆರಳಲ್ಲಿ ನೋಡಿದರೆ, ವೃತ್ತ ಇರಬೇಕಾದಲ್ಲಿ ಮೊಟ್ಟೆ ಇರುತ್ತದೆ.

ಇನ್ನೊಂದು ತಮಾಷೆ ಕೇಳು. ಮುಖ್ಯೋಪಾಧ್ಯಾಯಿನಿ ಕರೆಸಿ, "ಯಾಕಮ್ಮ ಕಷ್ಟ ಪಡ್ತೀಯ, ಗಣಿತದ ಬದಲು ಸಂಗೀತ ತಗೊಳ್ಳೋಕೆ ನಿಮ್ಮಂಥವರಿಗೆ ಅವಕಾಶ ಇದೆ" ಎಂದರು. ಕಣ್ಣು ಕೊಡದವರಿಗೆಲ್ಲ ದೇವರು ಕಂಠ ಕೊಟ್ಟಿರುತ್ತಾನೆ ಎಂದು ಯಾರು ಹಬ್ಬಿಸಿದರೋ! ನಾನು ಅಲ್ಲೇ ಎರಡು ಸಾಲು ಹಾಡಿ ತೋರಿಸಿದೆ. ಹೊರಗೆ ಗಂಟೆ ಹೊಡೆಯುತ್ತಿದ್ದವನು ಕೈ ನಿಲ್ಲಿಸಿದನಂತೆ.

ಅದು ಬೇಡವಾದರೆ ಚಿತ್ರ ಬಿಡಿಸುವ ಪ್ರಶ್ನೆಗಳಿಗೆ ರಿಯಾಯಿತಿ ತಗೋ, ಪಾಸಾಗಲು ಅಷ್ಟು ಸಾಕು ಎನ್ನುತ್ತಾರೆ. ನನಗೆ ಪಾಸಾಗುವುದಲ್ಲ ಬೇಕಾದ್ದು, ಮುಂದೆಯೂ ಗಣಿತವನ್ನೇ ಓದಬೇಕು. ರಿಯಾಯಿತಿ ತೆಗೆದುಕೊಂಡವರಿಗೆ ಗಣಿತ ವಿಭಾಗದಲ್ಲಿ ಸೀಟು ಇಲ್ಲ ಎಂದು ಕಾಲೇಜಿನವರು ಅಪ್ಪನಿಗೆ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಾರೆ. ಆದ್ದರಿಂದ ಇಡೀ ಪತ್ರಿಕೆ ಬರೆಯುತ್ತೇನೆ, ಮೊಟ್ಟೆಯನ್ನು ವೃತ್ತ ಮಾಡುತ್ತೇನೆ.

ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಕೊಂಡು ಕೂತವರೆಲ್ಲ ನನ್ನ ಭವಿಷ್ಯ ಹೇಳುತ್ತಾರೆ. "ಟೆಲಿಫೋನ್ ಕೆಲಸಕ್ಕೆ ಹಾಕು, ಕೂತಲ್ಲೇ ಕೂತಿರಬಹುದು" ಎಂದರೊಬ್ಬರು. ಅಪ್ಪ ಕತ್ತಿ ಅವರ ಗಂಟಲ ಮೇಲಿಟ್ಟು, "ಏನಂದ್ರಿ?" ಎಂದ. ಅವರು ಮಳೆಯ ಮಾತು ತೆಗೆದರಂತೆ.

ಚೆನ್ನಾಗಿ ಓದಿಕೋ. ನಿನ್ನ ಅಕ್ಷರ ದುಂಡಗಿದೆ, ನಿನ್ನ ಲೆಕ್ಕ ಮಾತ್ರ ಸೊಟ್ಟ.

ಅಕ್ಕ


೧೬ ಡಿಸೆಂಬರ್

ಅಕ್ಕಾ,

ನಾನು ಬರುತ್ತೇನೆ. ತೀರ್ಮಾನ ಮಾಡಿಯಾಯಿತು. ಉಸ್ಸಪ್ಪನ ಮೊಟ್ಟೆಗಳನ್ನು ನಂಬಿಕೊಂಡು ನಿನ್ನನ್ನು ಪರೀಕ್ಷೆಯ ಹಾಲ್‌ಗೆ ಕಳಿಸಲು ನನ್ನಿಂದಾಗದು. ಈ ಶಾಲೆಯ ಒಂಬತ್ತನೆಯ ತರಗತಿಯ ಪರೀಕ್ಷೆಯೂ ಅದೇ ವಾರ ಇದೆ, ಅಲ್ಲಿಯ ಹಾಗೆ ಮೊದಲೇ ಮುಗಿಯುವುದಿಲ್ಲ. ಇರಲಿ ಬಿಡು. ಒಂದು ವರ್ಷ ಹೋದರೆ ಹೋಗಲಿ, ಇನ್ನೊಮ್ಮೆ ಕೂತರಾಯಿತು. ಒಂಬತ್ತನೆಯ ತರಗತಿ ಎಲ್ಲಿಗೂ ಓಡಿಹೋಗುವುದಿಲ್ಲ. ಅಪ್ಪನಿಗೆ ಈಗಲೇ ಹೇಳುವುದಿಲ್ಲ. ಬೆಳಗಿನ ಬಸ್ಸು ಹತ್ತಿದರೆ ಸಂಜೆಗೆ ನಿಮ್ಮ ಅಂಗಡಿಯ ಮುಂದೆ ಇರುತ್ತೇನೆ.

ನೀನು ಬೇಡ ಅನ್ನುತ್ತೀಯ ಎಂದು ಗೊತ್ತು. ಅನ್ನು. ನಿನ್ನಂಥವಳು ಇಡೀ ಶಾಲೆಯಲ್ಲಿ ಒಬ್ಬಳೇ. ನೀನು ಗಣಿತ ಓದದಿದ್ದರೆ ಅದು ಗಣಿತಕ್ಕೇ ನಷ್ಟ. ನಾನು ಒಂದು ವರ್ಷ ಹಿಂದೆ ಬಿದ್ದರೆ ಯಾರಿಗೆ ಏನು?

ನಿನ್ನ
ಮಾತಿನಮಲ್ಲಿ


೨೮ ಡಿಸೆಂಬರ್

ಮಾತಿನಮಲ್ಲಿಗೆ,

ನೀನು ಬರಬೇಕಾಗಿಲ್ಲ. ಎಲ್ಲರೂ ಹೇಳುವುದನ್ನು ಕೇಳಿ ನಾನೂ ಯೋಚಿಸಿದೆ. ಗಣಿತ ಬಿಟ್ಟಿದ್ದೇನೆ. ಸಂಗೀತಕ್ಕೆ ಹೆಸರು ಕೊಟ್ಟಾಯಿತು. ಉಳಿದ ವಿಷಯಗಳಿಗೆ ಚಿತ್ರ ಬೇಕಿಲ್ಲ, ಯಾರು ಬರೆದರೂ ನಡೆಯುತ್ತದೆ. ನಿನ್ನ ಪರೀಕ್ಷೆ ನೀನು ಬರಿ.

ಅಕ್ಕ


೮ ಜನವರಿ

ಅಕ್ಕಾ,

ನಿನ್ನ ಕಾಗದವನ್ನು ಮೊದಲು ಕಣ್ಣಲ್ಲಿ ಓದಿದೆ. ಆಮೇಲೆ ಕಣ್ಣು ಮುಚ್ಚಿ, ನೀನು ಕಲಿಸಿದ ಹಾಗೆ ಬೆರಳಲ್ಲಿ ಓದಿದೆ. ಎರಡರಲ್ಲೂ ಅದೇ ಇತ್ತು.

ಕಾಗೆ ಕಂಠದವಳು ಸಂಗೀತ ಬರೆಯುತ್ತಾಳಂತೆ. ನನಗೆ ನಗು ಬರಲಿಲ್ಲ. ಎಲ್ಲರೂ ಹೇಳುವುದನ್ನು ಕೇಳುವವಳಾಗಿದ್ದರೆ ನೀನು ಇಷ್ಟು ದೂರ ಬರುತ್ತಿದ್ದೆಯಾ? "ಬ್ರೈಲ್‌ನಲ್ಲಿ ಬೀಜಗಣಿತ ಆಗಲ್ಲ" ಎಂದವರ ಮುಂದೆ ಆಗಿಸಿ ತೋರಿಸಿದವಳು ಯಾರು? ಆಟದ ಮೈದಾನದಲ್ಲಿ ನಾನು ಇಲ್ಲಿ ಎಲ್ಲರಿಗೂ ನಿನ್ನ ಕಥೆ ಹೇಳುತ್ತಿದ್ದೆ. ಇನ್ನು ಏನೆಂದು ಹೇಳಲಿ? ಅವಳೂ ಸೋತಳು ಎಂದೇ?

ನಿನ್ನ ಇಷ್ಟ. ನಾನು ಬರುವುದಿಲ್ಲ.


೧೧ ಫೆಬ್ರವರಿ

ಮಾತಿನಮಲ್ಲಿಗೆ,

ಜನವರಿಯ ಆ ಕಾಗದದ ಮೇಲೆ ಇನ್ನೊಂದು ಬರಲಿಲ್ಲ. ಅಂಚೆಯವರದೇ ತಪ್ಪು ಎಂದುಕೊಂಡಿದ್ದೇನೆ, ಹಾಗೆಂದುಕೊಂಡರೆ ಸಮಾಧಾನ.

ಓದು ಹೇಗೆ ಸಾಗಿದೆ? ಲೆಕ್ಕ ಮಾಡುವಾಗ ಹೆಜ್ಜೆ ಹಾರಿಸಬೇಡ, ನಿನಗೆ ಆ ಚಾಳಿ ಇದೆ. ಉತ್ತರ ಬಂದ ಮೇಲೆ ಗಟ್ಟಿಯಾಗಿ ಓದಿ ನೋಡು. ಕಣ್ಣಿಗೆ ಕಾಣದ ತಪ್ಪು ಕಿವಿಗೆ ಸಿಗುತ್ತದೆ. ನೀರು ಕುಡಿ.

ಅಪ್ಪ ಅಂಗಡಿಗೆ ಹೊಸ ಕುರ್ಚಿ ತಂದಿದ್ದಾನೆ, ಬುಗುರಿಯ ಹಾಗೆ ತಿರುಗುತ್ತದೆ. ಉಸ್ಸಪ್ಪ ದಿನಾ ಶಾಲೆ ಬಿಟ್ಟ ಕೂಡಲೇ ಬಂದು ಮೊದಲು ಅದರಲ್ಲಿ ಎರಡು ಸುತ್ತು ಸುತ್ತಿ ಆಮೇಲೆ ಕೆಲಸಕ್ಕೆ ಕೂರುತ್ತಾಳೆ. ಈಗ ಬಂದಳು. ನಿಲ್ಲಿಸುತ್ತೇನೆ.

ಅಕ್ಕ


೧೨ ಏಪ್ರಿಲ್

ಅಕ್ಕಾ,

ಕಳ್ಳಿ!

ಇವತ್ತು ನನಗೆ ಒಂದು ಕಾಗದ ಬಂತು. ಗೊತ್ತಿಲ್ಲದ ಅಕ್ಷರ. ಅಲ್ಲ, ಗೊತ್ತಿದ್ದ ಅಕ್ಷರವೇ, ನಿನ್ನ ಲಕೋಟೆಗಳ ಮೇಲೆ ವಿಳಾಸ ಬರೆಯುತ್ತಿದ್ದ ಅಕ್ಷರ. ಉಸ್ಸಪ್ಪ ಬರೆದಿದ್ದಾಳೆ. ನೀನು ಅವಳಿಗೆ ಹೇಳಬೇಡ ಎಂದಿರಲಿಲ್ಲವಂತೆ, ಹೇಳು ಎಂದೂ ಅಂದಿರಲಿಲ್ಲವಂತೆ. "ನಿಮಗೆ ಗೊತ್ತಿರಲೇಬೇಕು ಅನ್ನಿಸಿತು" ಎಂದು ಶುರು ಮಾಡಿದ್ದಾಳೆ. ಅವಳು ಬರೆದದ್ದನ್ನು ಇದ್ದ ಹಾಗೇ ಚುಚ್ಚುತ್ತೇನೆ, ನಿನ್ನ ಪರಾಕ್ರಮ ನಿನಗೇ ಒಂದು ಸಲ ಕೇಳಲಿ:

"ಗಣಿತ ಪತ್ರಿಕೆಯ ದಿನ ಮೊದಲರ್ಧ ಚೆನ್ನಾಗಿ ಹೋಯಿತು. ಆಮೇಲೆ ಎರಡು ವೃತ್ತ ಬರೆದು ಎರಡನ್ನೂ ತಾಕುವ ಸ್ಪರ್ಶಕ ಎಳೆಯುವ ಪ್ರಶ್ನೆ ಬಂತು. ನನ್ನ ಕಂಪಾಸು ಜಾರಿತು. ಹಾಳೆ ಹರಿಯಿತು. ನಾನು ಅತ್ತುಬಿಟ್ಟೆ. ಮೇಲ್ವಿಚಾರಕರು ಬಂದು, 'ಬಿಡಮ್ಮ, ಚಿತ್ರಕ್ಕೆ ರಿಯಾಯಿತಿ ಇದೆ, ಒಂದು ಗುರುತು ಹಾಕಿದ್ರೆ ಮುಗೀತು. ಆ ಮಗುನೂ ಅಳ್ತಿದೆ' ಎಂದರು. ಅಕ್ಕ ಎದ್ದು ನಿಂತು, 'ರಿಯಾಯಿತಿ ಬೇಡ ಸಾರ್. ಇನ್ನೊಂದು ಹಾಳೆ ಕೊಡಿ' ಎಂದರು. ಅಕ್ಕನಿಗೆ ಕೋಪ ಬಂದಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, 'ನೋಡು, ಚಿತ್ರ ತಪ್ಪಾದ್ರೆ ಆ ತಪ್ಪು ನಂದು. ಗೀಟು ಮಾತ್ರ ನಿಂದು. ನಿನ್ನ ಪಾಲಿಂದು ನೀನು ಎಳಿ' ಎಂದರು.

"ಒಂದೊಂದಾಗಿ ಹೇಳುತ್ತಾ ಹೋದರು. ಮೊಳೆ ಎಲ್ಲಿ ಊರಬೇಕು, ಕೈ ಯಾವ ಕಡೆಯಿಂದ ತಿರುಗಬೇಕು, ಯಾವಾಗ ಉಸಿರು ಬಿಡಬೇಕು. ನಾನು ಎಳೆದು ಮುಗಿಸಿದ ಮೇಲೆ ಹಾಳೆಯನ್ನು ಮಗುಚಿ ಬೆರಳಾಡಿಸಿದರು. 'ಸ್ಪರ್ಶಕ ತಾಕಿಲ್ಲ. ಕೂದಲೆಳೆ ದೂರ ಇದೆ. ಅಳಿಸು' ಎಂದರು. ಮೇಲ್ವಿಚಾರಕರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ನಿಜವಾಗಿಯೂ ತಾಕಿರಲಿಲ್ಲ. ಫ್ಯಾನಿನ ಗಾಳಿಗೆ ನಮ್ಮ ಹಾಳೆ ಹಾರುತ್ತಿದ್ದದ್ದನ್ನು ನೋಡಿ ಕಿಟಕಿಯ ಪಕ್ಕದ ಫ್ಯಾನು ಆರಿಸಿದರು.

"ಸಮಯ ಸಾಲದೆ ಒಂದು ದೊಡ್ಡ ಲೆಕ್ಕ ಉಳಿದುಹೋಯಿತು. ಹೊರಗೆ ಬಂದ ಮೇಲೆ ನಾನು ಕ್ಷಮಿಸಿ ಎಂದೆ. ಅಕ್ಕ ನನ್ನ ಹೆಗಲ ಮೇಲೆ ಕೈ ಹಾಕಿ, 'ಇವತ್ತು ನೀನು ವೃತ್ತ ಬರೆದೆ ಕಣೇ!' ಎಂದರು."

ಇಷ್ಟು ಓದಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೆಳಗೆ ಟೈರ್ ಅಂಗಡಿಯವರು, "ಏನಾಯ್ತಮ್ಮ, ಮನೇಲಿ ಎಲ್ಲ ಸೌಖ್ಯಾನಾ?" ಎಂದು ಕೇಳಿದರು. "ಸೌಖ್ಯ, ನಮ್ಮಕ್ಕ ಗೆದ್ದಳು" ಎಂದೆ. ಯಾವ ಆಟದಲ್ಲಿ ಎಂದು ಅವರು ಕೇಳಲಿಲ್ಲ. "ಹಾಗಾದ್ರೆ ಅಳೋದ್ಯಾಕೆ?" ಎಂದರು.

ನನ್ನ ಒಂಬತ್ತನೆಯ ತರಗತಿ ಪಾಸಾಯಿತು. ಯಾಕೆ ಪಾಸಾಯಿತೆಂದು ಈಗ ಗೊತ್ತಾಯಿತು.

ನಿನ್ನ
ಮಾತಿನಮಲ್ಲಿ (ಈ ಹೊತ್ತು ಮಾತಿಲ್ಲ)


೨೫ ಏಪ್ರಿಲ್

ಮಾತಿನಮಲ್ಲಿಗೆ,

ಸುಳ್ಳು ಹೇಳಿದ್ದು ನಿಜ. ಬೇಕಾದರೆ ಇನ್ನೊಮ್ಮೆಯೂ ಹೇಳುತ್ತೇನೆ. ನಿನಗೆ ಒಂದು ವರ್ಷವೆಂದರೆ ಬಸ್ಸಿನ ಟಿಕೆಟಿನಷ್ಟು ಹಗುರ. ನನಗೆ ಹಾಗಲ್ಲ. ನಿನ್ನ ವರ್ಷದ ಮೇಲೆ ಕಾಲಿಟ್ಟು ನಾನು ಮೇಲೆ ಹತ್ತಿದ್ದರೆ ಆ ಮಾರ್ಕ್ಸು ನನಗೆ ದಕ್ಕುತ್ತಿರಲಿಲ್ಲ.

ಆದರೆ ಒಂದು ಮಾತು ನೀನು ತಪ್ಪು ತಿಳಿದಿದ್ದೀಯ. ಉಸ್ಸಪ್ಪನಿಗೆ ನಾನು ಹೇಳಿಕೊಟ್ಟೆ ಎಂದು ಹೊಗಳುತ್ತೀಯಲ್ಲ, ಹಾಗೆ ಹೇಳಿಕೊಡುವುದನ್ನು ನಾನು ಕಲಿತದ್ದು ಯಾರಿಂದ? ಶಾಲೆಯ ಗೋಡೆಗೆ ಹೊಸ ನಕ್ಷೆ ತೂಗುಹಾಕಿದ ದಿನ ನೆನಪಿದೆಯಾ? ಎಲ್ಲರೂ "ಚೆನ್ನಾಗಿದೆ" ಎಂದು ಹೋದರು. ನೀನು ಒಬ್ಬಳೇ ನನ್ನ ಬೆನ್ನ ಮೇಲೆ ಬೆರಳಲ್ಲಿ ಇಡೀ ನದಿ ಬಿಡಿಸಿದೆ, ಎಲ್ಲಿ ಸಣ್ಣ, ಎಲ್ಲಿ ಅಗಲ, ಎಲ್ಲಿ ಬಳುಕುತ್ತದೆ ಎಂದು. ಕಾಣುವುದನ್ನು ಮಾತಿಗೆ ಇಳಿಸುವುದು ಎಲ್ಲರಿಗೂ ಬರುವುದಿಲ್ಲ ಕಣೇ. ನನ್ನ ಸುತ್ತ ಕಣ್ಣಿರುವವರು ಬೇಕಾದಷ್ಟು ಜನ. ನೋಡುವವಳು ನೀನೊಬ್ಬಳೇ ಇದ್ದೆ.

ನಿನ್ನ ಜನವರಿಯ ಕಾಗದ ಇಟ್ಟುಕೊಂಡಿದ್ದೇನೆ. ಪರೀಕ್ಷೆಯ ದಿನಗಳಲ್ಲಿ ಬೆಳಿಗ್ಗೆ ಅದನ್ನು ಒಮ್ಮೆ ಓದಿ ಹೊರಡುತ್ತಿದ್ದೆ. ಬೈಗುಳದಷ್ಟು ಮೈ ಬೆಚ್ಚಗೆ ಮಾಡುವುದು ಬೇರೆ ಇಲ್ಲ. "ಅವಳೂ ಸೋತಳು ಎಂದೇ?" ಎನ್ನುವಲ್ಲಿ ಚುಕ್ಕಿಗಳು ಕಾಗದ ತೂತಾಗುವಷ್ಟು ಆಳ ಇದ್ದವು.

ಫಲಿತಾಂಶ ಇನ್ನೂ ಬಂದಿಲ್ಲ. ಉಳಿದುಹೋದ ಆ ಒಂದು ಲೆಕ್ಕ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿದೆ. ಮನೆಗೆ ಬಂದ ಮೇಲೆ ಬಿಡಿಸಿದೆ. ಸುಲಭವಾಗಿತ್ತು.

ಅಕ್ಕ


೩ ಜೂನ್

ಅಕ್ಕಾ,

ತಂತಿಯ ಹಾಗೆ ಚುಟುಕಾಗಿ ಬರೆದು ಕಳಿಸಿದ್ದೀಯಲ್ಲ, "ಗಣಿತ ಎಂಬತ್ತೊಂಬತ್ತು, ಸೀಟು ಸಿಕ್ಕಿತು" ಎಂದು! ನಾನಾಗಿದ್ದರೆ ಡಂಗುರ ಹೊಡೆಸುತ್ತಿದ್ದೆ. ಅಪ್ಪನಿಗೆ ಹೇಳಿದೆ. ಅವನು ಹೆಲ್ಮೆಟ್ಟು ಕೆಳಗಿಟ್ಟು, "ಆ ಹುಡುಗಿಗೆ ಕಂಬ ಹತ್ತು ಅಂದ್ರೂ ಹತ್ತಿಬಿಡ್ತಾಳೆ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಈಗ ನಾನು ಹತ್ತನೆಯ ತರಗತಿ. ನನ್ನ ಭವಿಷ್ಯ ಹೇಳುವವರೂ ಹುಟ್ಟಿಕೊಂಡಿದ್ದಾರೆ. ನನಗೆ ಬ್ರೈಲ್ ಬರುತ್ತದೆ ಎಂದು ಗೊತ್ತಾದಂದಿನಿಂದ ಟೀಚರುಗಳೆಲ್ಲ, "ನೀನು ಅಂಧರ ಶಾಲೆಯ ಟೀಚರ್ ಆಗ್ಬೇಕು, ಎಂಥ ಪುಣ್ಯದ ಕೆಲಸ" ಎನ್ನುತ್ತಾರೆ. ಅಮ್ಮನೂ ಅದನ್ನೇ ಹಿಡಿದುಕೊಂಡಿದ್ದಾಳೆ. ನಾನು ತಲೆಯಾಡಿಸುತ್ತೇನೆ. ನೀನೂ ಅದನ್ನೇ ಬಯಸುತ್ತೀಯೇನೋ. ಬಯಸಿದರೆ ಹೇಳು, ಆಗುತ್ತೇನೆ.

ನಿನ್ನ
ಮಾತಿನಮಲ್ಲಿ


೧೪ ಜುಲೈ

ಮಾತಿನಮಲ್ಲಿಗೆ,

ಮೊದಲು ಕಾಲೇಜಿನ ಕಥೆ. ಮೊದಲ ದಿನ ಪ್ರೊಫೆಸರರು ಹಲಗೆಯ ಮೇಲೆ ಬರೆಯುತ್ತಾ, "ಇದನ್ನ ಇಲ್ಲಿಂದ ಇಲ್ಲಿಗೆ ತಗೊಂಡ್ರೆ, ಇದು ಹೀಗೆ ಬರುತ್ತೆ" ಎಂದರು. ಸೀಮೆಸುಣ್ಣ ಟಕಟಕ ಅನ್ನುತ್ತಿತ್ತು. ನಾನು ಕೈ ಎತ್ತಿ, "ಯಾವುದನ್ನ, ಎಲ್ಲಿಂದ ಎಲ್ಲಿಗೆ ಸಾರ್?" ಎಂದೆ. ತರಗತಿ ನಕ್ಕಿತು. ಅವರು ಮೊದಲಿನಿಂದ ಅಷ್ಟನ್ನೂ ಮಾತಿನಲ್ಲಿ ಹೇಳಿದರು. ಹೇಳುತ್ತಾ ಹೇಳುತ್ತಾ ತಮ್ಮದೇ ಒಂದು ತಪ್ಪು ಹಿಡಿದು ಅಳಿಸಿದರು. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಬಂದು ಗುಟ್ಟಾಗಿ ಹೇಳಿದ, "ದಿನಾ ಕೇಳಿ. ನಮಗೂ ಅರ್ಥ ಆಗಿರ್ಲಿಲ್ಲ."

ಇನ್ನು ನಿನ್ನ ವಿಷಯ. "ಬಯಸಿದರೆ ಹೇಳು, ಆಗುತ್ತೇನೆ" ಎಂಬುದು ಸೋಮಾರಿಯ ಮಾತು. ಆ ಕೆಲಸ ದೊಡ್ಡದು, ಆಸೆಯಿಂದ ಬರುವವರಿಗೆ. ನೀನು ನನ್ನ ಮುಖ ನೋಡಿಕೊಂಡು ಹೋದರೆ ಆ ಮಕ್ಕಳಿಗೂ ಅನ್ಯಾಯ, ನಿನಗೂ ಅನ್ಯಾಯ. ನನ್ನ ಮೇಲಿನ ಪ್ರೀತಿಯನ್ನು ಜೀವಮಾನದ ನೌಕರಿ ಮಾಡಿಕೊಳ್ಳಬೇಡ ಮಾರಾಯ್ತಿ. ಪ್ರೀತಿಗೆ ಕಾಗದ ಸಾಕು.

ನಿನಗೆ ಏನು ಇಷ್ಟ? ಯಾರೂ ಕೇಳದಿದ್ದರೆ ನಾನು ಕೇಳುತ್ತಿದ್ದೇನೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರಿ. ಅದಕ್ಕೂ ಮಾರ್ಕ್ಸು ಕೊಡುತ್ತೇನೆ.

ಅಕ್ಕ


೩೦ ಜುಲೈ

ಅಕ್ಕಾ,

ನಕ್ಷೆ. ಕಟ್ಟಡದ ನಕ್ಷೆ ಬಿಡಿಸುವುದು. ಬರೆದುಬಿಟ್ಟೆ ನೋಡು, ಇನ್ನು ಅಳಿಸಲಾಗದು.

ನಮ್ಮ ಬೀದಿಯ ಕೊನೆಯಲ್ಲಿ ಆಸ್ಪತ್ರೆ ಕಟ್ಟುತ್ತಿದ್ದಾರೆ. ಮೇಸ್ತ್ರಿ ಒಂದು ದೊಡ್ಡ ನೀಲಿ ಹಾಳೆಯನ್ನು ಇಟ್ಟಿಗೆಯ ರಾಶಿಯ ಮೇಲೆ ಹಾಸಿ ನೋಡುತ್ತಿರುತ್ತಾನೆ. ಶಾಲೆಯಿಂದ ಬರುವಾಗ ನಾನೂ ಅಲ್ಲೇ ನಿಂತಿರುತ್ತೇನೆ. ಇನ್ನೂ ಇಲ್ಲದ ಗೋಡೆ, ಇನ್ನೂ ಇಲ್ಲದ ಬಾಗಿಲು, ಎಲ್ಲವೂ ಗೀಟಿನಲ್ಲಿ. ಅದನ್ನು ಓದುವಾಗ ಮನಸ್ಸಿನಲ್ಲಿ ನಿನಗೇ ಹೇಳುತ್ತಿರುತ್ತೇನೆ.

ಹತ್ತನೆಯದು ಮುಗಿದ ಮೇಲೆ ಅದಕ್ಕೊಂದು ಡಿಪ್ಲೊಮಾ ಇದೆಯಂತೆ. ಲೆಕ್ಕ ಬೇಕೇ ಬೇಕಂತೆ. ನನ್ನ ಸೊಟ್ಟ ಲೆಕ್ಕ ನಿನಗೆ ಗೊತ್ತಲ್ಲ. ಪ್ರತಿ ವಾರ ಲೆಕ್ಕ ಕಳಿಸು. ಬೈ. ಬಿಡಬೇಡ.

ನಿನ್ನ
ಮಾತಿನಮಲ್ಲಿ


೨೨ ಜೂನ್, ಮರುವರ್ಷ

ಅಕ್ಕಾ,

ನಕ್ಷೆಯ ಡಿಪ್ಲೊಮಾದ ಸಂದರ್ಶನ ಮುಗಿಸಿ ಬಂದು ಚಪ್ಪಲಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ.

ಮೇಜಿನ ಆಚೆ ಮೂವರು ಕೂತಿದ್ದರು. ನಡುವಿನವರು ನನ್ನ ಅಂಕಪಟ್ಟಿ ನೋಡಿ, "ಗಣಿತ ಪರವಾಗಿಲ್ವೇ" ಎಂದರು. ಪರವಾಗಿಲ್ಲ ಅನ್ನಿಸಿಕೊಳ್ಳಲು ನೀನು ಎಷ್ಟು ಬೈದಿದ್ದೀಯೆಂದು ಅವರಿಗೇನು ಗೊತ್ತು! ಆಮೇಲೆ ಒಂದು ನಕ್ಷೆ ನನ್ನ ಮುಂದೆ ತಳ್ಳಿ, "ಇದರಲ್ಲಿ ಏನಿದೆ, ಹೇಳು" ಎಂದರು. ನನಗಿಂತ ಮೊದಲು ಹೋದವರೆಲ್ಲ ಹೊರಗೆ ಬಂದು, "ಮೆಟ್ಟಿಲು ಅಂದ್ವಿ, ಕಳಿಸಿಬಿಟ್ರು" ಎನ್ನುತ್ತಿದ್ದರು.

ಮೆಟ್ಟಿಲೇ. ನಾನು ಅದನ್ನು ಚೆನ್ನಾಗಿ ನೋಡಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಲು ಶುರು ಮಾಡಿದೆ. ಒಳಗೆ ಬಂದವರ ಎಡಗೈಗೆ ಗೋಡೆ ಸಿಗುತ್ತದೆ, ಮೊದಲ ಮೆಟ್ಟಿಲು ಉಳಿದವಕ್ಕಿಂತ ಅಗಲ, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಬಹುದು, ತಿರುವಿನಲ್ಲಿ ಕಿಟಕಿ ಇದೆ, ಬೆಳಕು ಕೆನ್ನೆಗೆ ಬೀಳುತ್ತದೆ, ಹಿಡಿಗಂಬಿ ಅಲ್ಲಿ ತುಂಡಾಗಿದೆ, ಹಾಗೆ ತುಂಡಾಗಬಾರದಿತ್ತು.

ಬಲಬದಿಯವರು ತಡೆದರು. "ಏನಮ್ಮಾ, ಕಣ್ಣು ಯಾಕೆ ಮುಚ್ಕೊಂಡಿದ್ದೀಯ?"

"ಅಭ್ಯಾಸ ಸಾರ್" ಎಂದೆ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಹತ್ತಿರ ಎಳೆದುಕೊಂಡ ಸದ್ದು ಕೇಳಿಸಿತು.

"ಸರಿ. ಮುಂದೆ ಹೇಳು" ಎಂದರು.

ಹೇಳಿದೆ ಅಕ್ಕಾ. ಮೇಲಿನ ಮಹಡಿಯ ಬಾಗಿಲವರೆಗೂ ಹೇಳಿದೆ.